ಹನ್ನೆರಡು ದಿನ ಹೇಳದ ಹೆಸರು

ನಿಟ್ಟೂರು
22 ಫೆಬ್ರವರಿ 2025

ನನ್ನ ಹದಿಮೂರು ದಿನದ ಗಂಡನಿಗೆ,

ಮೊದಲು ಒಂದು ಎಚ್ಚರಿಕೆ. ಈ ಪತ್ರ ಓದುವಾಗ ನಗಬಾರದು. ನಕ್ಕರೆ ನಿಮ್ಮ ತುಟಿಯ ಹುಣ್ಣು ಒಡೆಯುತ್ತದಂತೆ. ಇದು ನನ್ನ ಜೀವನದ ಮೊದಲ ಲವ್ ಲೆಟರ್, ಅದೂ ಕನ್ನಡದಲ್ಲಿ! ಜೋಗದ ಕಾಲೋನಿಯಿಂದ ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ಹತ್ತು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಅಲ್ಲಿ ಕಲಿಸಿದ್ದು ಜ್ವರವೆಂದು ರಜೆ ಕೇಳುವ ಪತ್ರ ಮಾತ್ರ. ಜ್ವರ ಬಂದ ಗಂಡನಿಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ.

ನಮ್ಮಿಬ್ಬರ ಫಜೀತಿ ನೋಡಿ. ನಿಮಗೆ ಗಂಟಲಲ್ಲೂ ಗುಳ್ಳೆ, ಮಾತಾಡುವಂತಿಲ್ಲ. ಇಲ್ಲಿ ಸಿಗ್ನಲ್ ಬೇಕೆಂದರೆ ಶಾಲೆಯ ಗುಡ್ಡ ಹತ್ತಬೇಕು, ನಾನು ಇಪ್ಪತ್ತೊಂದು ದಿನ ಅಂಗಳ ದಾಟುವಂತಿಲ್ಲ. ನಮ್ಮ ಪೋಸ್ಟ್‌ಮನ್ ಈಗ ಆಶಾ ಕಾರ್ಯಕರ್ತೆ ಶಾಂತಮ್ಮ. ದಿನಾ ಬೆಳಿಗ್ಗೆ ಜ್ವರ ನೋಡಲು ಬಂದು, ಪತ್ರ ಒಯ್ದು ಆರೋಗ್ಯ ಕೇಂದ್ರದ ಗಾಡಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕಳಿಸುತ್ತೇನೆ ಅಂದಿದ್ದಾರೆ. ವಾರ್ಡಿನೊಳಗೆ ಹೋದ ಕಾಗದ ಹೊರಗೆ ಬರುವುದಿಲ್ಲ, ಸುಡುತ್ತಾರಂತೆ. ನನ್ನ ಲವ್ ಲೆಟರ್ ಸುಡುವುದೇ? ಅದಕ್ಕೇ ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ನಕಲು ಮಾಡುತ್ತಿದ್ದೇನೆ. ನೀವು ಬರೆದದ್ದನ್ನು ಸಿಸ್ಟರ್ ಗಾಜಿನಾಚೆಯಿಂದ ಫೋಟೋ ತೆಗೆದು ಶಾಂತಕ್ಕನ ಮೊಬೈಲಿಗೆ ಹಾಕುತ್ತಾರೆ.

ಊರಿಗೆಲ್ಲ ಸುದ್ದಿ ಹಬ್ಬಿದೆ. ಅಂಗಡಿ ಜಟ್ಟಿಂಗಪ್ಪಣ್ಣ ಬೇಲಿಯಾಚೆ ನಿಂತು, "ಉಮೇಶ ಎಲ್ಲಿ ಸತ್ತ ಮಂಗ ನೋಡಿದ್ನಂತೆ? ಕಾಡಿಗೆ ಹೋಗೋವಾಗ ಎಣ್ಣೆ ಹಚ್ಕಳಿ ಅಂತ ಬಡ್ಕಂತಾರೆ, ಯಾರ್ ಕೇಳ್ತಾರೆ" ಅಂದರು. ಉಣುಗು ಕಚ್ಚಿ ಬರುವ ನಮ್ಮ ಮಂಗನ ಕಾಯಿಲೆಯೇ ಬೇರೆ, ಮಂಕಿಪಾಕ್ಸ್ ಅಂತ ಹೆಸರಿದ್ದ ಈ ಎಂಪಾಕ್ಸ್ ಬೇರೆ, ದುಬೈಯಿಂದ ಬಂದದ್ದು ಅಂತ ಬಾವ ಅರ್ಧ ಗಂಟೆ ವಿವರಿಸಿದರು. ಕೊನೆಗೆ ಜಟ್ಟಿಂಗಪ್ಪಣ್ಣ, "ದುಬೈಯಲ್ಲೂ ಮಂಗ ಉಂಟಾ?" ಅಂದರು. ನಗಬೇಡಿ!

ಈಗ ಮುಖ್ಯ ವಿಷಯ. ನಿನ್ನೆ ಜಿಲ್ಲಾ ಆಫೀಸಿನಿಂದ ಡಾಕ್ಟರ್ ವಾಗ್ದೇವಿ ಅನ್ನುವವರು ಬಂದಿದ್ದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದರು.

"ದುಬೈ ರೂಮಿನಲ್ಲಿ ಇವರ ಜೊತೆ ಯಾರಿಗಾದರೂ ಗುಳ್ಳೆ ಎದ್ದಿತ್ತಾ? ಏನಾದರೂ ಹೇಳಿದ್ದಾರಾ ನಿಮ್ಮ ಹತ್ರ?"

"ಇಲ್ಲ ಮೇಡಂ."

"ಕಂಪನಿಯವರು ಕಳಿಸಿದ ಲಿಸ್ಟಲ್ಲಿ ಆರು ಜನ ಇದ್ದಾರೆ. ಆರೂ ಜನ ಆರಾಮಿದ್ದಾರೆ. ಇವರಿಗೆ ಎಲ್ಲಿಂದ ಬಂತು?"

"ನಂಗೇನು ಗೊತ್ತು ಮೇಡಂ, ಮದುವೆಯಾಗಿ ಹನ್ನೆರಡು ದಿನ" ಅಂದೆ, ಕಣ್ಣು ದೊಡ್ಡದು ಮಾಡಿ. ಎಂಥ ಆಕ್ಟಿಂಗ್ ಗೊತ್ತಾ!

ಮದುವೆಯ ಮರುದಿನ ಸಿಗಂದೂರಿಗೆ ಹೋಗುವಾಗ ಲಾಂಚಿನ ಕಂಬಿ ಹಿಡಿದು ನಿಂತು ನೀವು ಎರಿಕ್‌ನ ಕಥೆ ಹೇಳಿದ್ದು ನನಗೆ ಅಕ್ಷರ ಅಕ್ಷರವೂ ನೆನಪಿದೆ. ಉಗಾಂಡಾದ ಸೆಕ್ಯೂರಿಟಿ ಗಾರ್ಡ್, ಲಿಸ್ಟಿನಲ್ಲಿ ಇಲ್ಲದೆ ನಿಮ್ಮ ರೂಮಿನಲ್ಲಿ ಮಲಗುತ್ತಿದ್ದವನು. ಅವನೂರಿನಲ್ಲೂ ಬಾಳೆ ಅಂತ ನಿಮ್ಮಿಬ್ಬರ ದೋಸ್ತಿ. ಅವನಿಗೆ ಗುಳ್ಳೆ ಎದ್ದಾಗ ನೀವು ಸೀತಾಳೆ ಸಿಡುಬು ಅಂದುಕೊಂಡಿರಿ. ನನಗೆ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿದ್ದಾಳೆ, ಮತ್ತೆ ಬರುವುದಿಲ್ಲ ಅಂತ ಧೈರ್ಯವಾಗಿ ಮೈ ಒರೆಸಿ, ಗಂಜಿ ಕುಡಿಸಿದಿರಿ. ಆಗ ಅವನ ವಿಮಾನಕ್ಕೆ ಹತ್ತೇ ದಿನ ಇತ್ತು. ಹುಟ್ಟಿ ಹತ್ತು ತಿಂಗಳಾದರೂ ಮುಖ ನೋಡದ ಮಗಳು ಗ್ರೇಸ್ ಕಾಯುತ್ತಿದ್ದಳು. ಗೊತ್ತಾದರೆ ತಡೆಯುತ್ತಾರೆ, ಮತ್ತೆ ವೀಸಾ ಕೊಡುವುದಿಲ್ಲ ಅಂತ ಅವನು ಕೈ ಹಿಡಿದು ಅತ್ತ. ನೀವು ಮಂಚದ ಮೇಲಿನ ಚೌಡಮ್ಮನ ಫೋಟೋ ಮುಟ್ಟಿ, ಸಿಗಂದೂರು ಅಮ್ಮನಾಣೆ ಯಾರಿಗೂ ಹೇಳಲ್ಲ ಅಂದಿರಿ. ನಿಮ್ಮದೇ ತುಂಬುತೋಳಿನ ಶರ್ಟು ಹಾಕಿಸಿ ಕಳಿಸಿದಿರಿ.

ನನಗೆ ಹೇಳಿದ್ದೂ ಆಣೆ ಮುರಿದ ಹಾಗಲ್ಲವೇ ಅಂತ ಕೇಳಿದಾಗ, "ನೀನು ಬೇರೆಯಲ್ಲವಲ್ಲ" ಅಂದಿರಿ. ಅಯ್ಯೋ, ಆ ಮಾತು! ಇಡೀ ಪ್ರಪಂಚದಲ್ಲಿ ನನಗೆ ಮಾತ್ರ ಗೊತ್ತಿರುವ ನಿಮ್ಮ ಗುಟ್ಟು. ಅದನ್ನು ಜೋಪಾನ ಮಾಡಿದ್ದೇನೆ. ಶಹಬ್ಬಾಸ್ ಅನ್ನಿ.

ನಿಮ್ಮವಳೇ ನಿಮ್ಮವಳು,
ದೀಪಶ್ರೀ


ಶಿವಮೊಗ್ಗ
24 ಫೆಬ್ರವರಿ

ದೀಪಾ,

ಪತ್ರ ಸಿಕ್ಕಿತು. ಮೂರು ಸಲ ಓದಿದೆ. ನಗಬಾರದ ಜಾಗದಲ್ಲಿ ನಕ್ಕು ಸಿಸ್ಟರ್ ಹತ್ತಿರ ಬೈಸಿಕೊಂಡೆ.

ಬೆರಳಿನ ಸಂದಿಯಲ್ಲೂ ಹುಣ್ಣು, ಹೆಚ್ಚು ಬರೆಯಲಾಗದು. ಅಂಗೈ, ಅಂಗಾಲು, ಮುಖ ಎಲ್ಲ ಕಡೆ ಇದೆ. ನೀನು ನೋಡದಿರುವುದೇ ಒಳ್ಳೆಯದು.

ಆ ಹೆಸರನ್ನು ಪತ್ರದಲ್ಲಿ ಬರೆಯಬೇಡ. ಪುಣ್ಯಕ್ಕೆ ಇಲ್ಲಿಯ ಸಿಸ್ಟರ್‌ಗೆ ಕನ್ನಡ ಓದಲು ಬರುವುದಿಲ್ಲ. ನನ್ನನ್ನೂ ಕೇಳಿದರು. ಯಾರೂ ಇಲ್ಲ ಅಂತ ಫಾರಂನಲ್ಲಿ ಬರೆದುಕೊಟ್ಟೆ. ನೀನು ಹೇಳಿದ್ದು ಸರಿ. ಹಾಗೇ ಇರು.

ಶಾಂತಕ್ಕನಿಗೆ ನಮಸ್ಕಾರ. ನಿನಗಿಂತ ಮೊದಲು ಅವರೇ ಓದುತ್ತಾರೆ ಅಂತ ಗೊತ್ತು.

ಉಮೇಶ್


ನಿಟ್ಟೂರು
27 ಫೆಬ್ರವರಿ

ಪ್ರೀತಿಯ ನಿಮಗೆ,

ಶಾಂತಕ್ಕ ನಿಮ್ಮ ಪತ್ರ ತೋರಿಸಿದರು. ಕೊನೆಯ ಸಾಲಿಗೆ ಅವರಿಗೆ ಸಿಟ್ಟು. "ಎಂತ ಮಾರಾಯ್ತಿ ನಿನ್ ಗಂಡ! ಕಣ್ ಮುಚ್ಕಂಡು ಫೋನ್ ತೋರ್ಸಕ್ಕೆ ಆಗ್ತದಾ? ಅಕ್ಷರ ತಾನಾಗೇ ಕಣ್ಣಿಗೆ ಬೀಳ್ತದೆ" ಅಂದರು. ಆಮೇಲೆ ನನ್ನ ಜ್ವರ ನೋಡಿ ಬರೆದುಕೊಂಡರು. ಯಾವ ಹೆಸರು ಅಂತ ಕೇಳಲಿಲ್ಲ.

ನಿನ್ನೆ ಶಿವರಾತ್ರಿ. ಪ್ರತಿ ವರ್ಷ ಬಾವನ ಜೀಪಿಗೆ ಕೊಡಚಾದ್ರಿ ಹತ್ತುವವರ ಸಾಲು ಇರುತ್ತಿತ್ತಂತೆ. ಈ ಸಲ ಒಬ್ಬರೂ ಬರಲಿಲ್ಲ. ಬಾವ ಜೀಪನ್ನು ಎರಡು ಸಲ ತೊಳೆದರು. ನಿಮ್ಮತ್ತಿಗೆ ಸ್ವಪ್ನಕ್ಕ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಡಾಕ್ಟರ್ ಹೇಳಿದ್ದೇ ಹಾಗೆ, ಬೇಸರವಿಲ್ಲ. ಪುಟ್ಟ ಮೇಧಾ ಮಾತ್ರ ಬಾಗಿಲ ಸಂದಿಯಿಂದ, "ಹೊಸ ಚಿಕ್ಕಿ, ಚಿಕ್ಕಪ್ಪ ನನ್ನ ಯಾವಾಗ ಹೆಗಲ ಮೇಲೆ ಕೂರಿಸ್ಕತಾನೆ?" ಅಂತ ಕೇಳುತ್ತಿರುತ್ತಾಳೆ. ಜ್ವರ ಬರುವ ಹಿಂದಿನ ದಿನದವರೆಗೂ ಅವಳನ್ನು ಹೊತ್ತು ತಿರುಗಿದ್ದಿರಲ್ಲ, ಅದಕ್ಕೆ ಅವಳನ್ನೂ ಶಾಲೆಗೆ ಕಳಿಸುತ್ತಿಲ್ಲ.

ಇವತ್ತು ವಾಗ್ದೇವಿ ಮೇಡಂ ಮತ್ತೆ ಬಂದಿದ್ದರು. ಈ ಸಲ ಕುರ್ಚಿ ಬೇಡವೆಂದು ಮೆಟ್ಟಿಲ ಮೇಲೇ ಕೂತರು, ದೂರದಲ್ಲಿ.

"ನೋಡು ದೀಪಶ್ರೀ, ನಾನು ಪೊಲೀಸ್ ಅಲ್ಲ. ಯಾರನ್ನೂ ಹಿಡಿದು ಹಾಕೋಕೆ ಕೇಳ್ತಾ ಇಲ್ಲ. ಇಲ್ಲಿಂದ ಒಂದು ಹೆಸರು ಹೋದರೆ ದೆಹಲಿಗೆ ಹೋಗುತ್ತೆ, ಅಲ್ಲಿಂದ ಆ ದೇಶಕ್ಕೆ ಹೋಗುತ್ತೆ. ಯಾವ ದೇಶ ಆದರೂ ಸರಿ. ಎರಡೇ ದಿನದಲ್ಲಿ ಅಲ್ಲಿಯ ನಮ್ಮ ಶಾಂತಮ್ಮನಂಥ ಒಬ್ಬಳು ಬೈಕ್ ಹತ್ತಿ ಆ ಮನೆ ಹುಡುಕಿಕೊಂಡು ಹೋಗ್ತಾಳೆ. ಔಷಧ ಇರುತ್ತೆ, ಸುತ್ತಲಿನವರಿಗೆ ಲಸಿಕೆ ಇರುತ್ತೆ. ಹೆಸರೇ ಇಲ್ಲದೆ ಅವಳು ಎಲ್ಲಿಗೆ ಹೋಗಬೇಕು?"

"ದೊಡ್ಡವರಿಗೆ ಅದಾಗೇ ವಾಸಿಯಾಗುತ್ತೆ ಅಂತೀರಲ್ಲ ಮೇಡಂ?" ಅಂದೆ.

"ಹೆಚ್ಚಿನವರಿಗೆ ಆಗುತ್ತೆ. ಎಳೆ ಮಕ್ಕಳಿಗೆ ಹಾಗಲ್ಲ."

ನನಗೆ ಗೊತ್ತಿಲ್ಲ ಮೇಡಂ ಅಂತಲೇ ಹೇಳಿದೆ. ಮೊನ್ನೆಯಷ್ಟು ಸಲೀಸಾಗಿ ಬರಲಿಲ್ಲ. ನೀವು ನನಗೆ ಆ ಮಗುವಿನ ಫೋಟೋ ತೋರಿಸಬಾರದಿತ್ತು. ಹಳದಿ ಟೋಪಿ, ಎರಡೇ ಹಲ್ಲು.

ಹೇಳಿಬಿಡೋಣವೇ? ನೀವು ಹೂಂ ಅಂದರೆ ಸಾಕು, ನಾನು ಹೇಳುತ್ತೇನೆ. ಬೇಗ ಬರೆಯಿರಿ.

ನಿಮ್ಮ
ದೀಪಾ


ಶಿವಮೊಗ್ಗ
1 ಮಾರ್ಚ್

ದೀಪಾ,

ಬೇಡ. ಅವನ ಸಂಬಳದಲ್ಲಿ ಎರಡು ಸಂಸಾರ ಬದುಕುತ್ತವೆ. ವಿಮಾನ ಹತ್ತುವ ಹೊತ್ತಿಗೆ ಅವನ ಹುಣ್ಣೆಲ್ಲ ಹೊಪ್ಪಳೆ ಕಟ್ಟಿತ್ತು, ಸುಮಾರು ಉದುರಿಯೂ ಇತ್ತು. ಏನಾದರೂ ಆಗಿದ್ದರೆ ನನಗೆ ಮೆಸೇಜ್ ಹಾಕುತ್ತಿದ್ದ. ವಾರ್ಡಿಗೆ ಸೇರುವಾಗ ಫೋನ್ ಹೊರಗೆ ಬಿಟ್ಟೆ, ಅಲ್ಲಿಯವರೆಗೂ ಹಾಕಿರಲಿಲ್ಲ ಅಂದಮೇಲೆ ಆರಾಮಿದ್ದಾನೆ ಅಂತಲೇ ಅರ್ಥ.

ಅಮ್ಮನ ಫೋಟೋ ಮುಟ್ಟಿ ಹಾಕಿದ ಆಣೆ. ನೀನು ಕಾಲೋನಿಯಲ್ಲಿ ಬೆಳೆದವಳು, ನಮ್ಮ ಕಡೆ ಅದರ ಭಾರ ಎಷ್ಟು ಅಂತ ನಿನಗೆ ಗೊತ್ತಿಲ್ಲ.

ಉಮೇಶ್


ನಿಟ್ಟೂರು
4 ಮಾರ್ಚ್

ಪ್ರೀತಿಯ ನಿಮಗೆ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಮೊನ್ನೆ ಸಂಜೆ ಮೇಧಾಳ ಮೈ ಬಿಸಿಯಾಯಿತು. ನಿನ್ನೆ ಬೆಳಿಗ್ಗೆ ಕುತ್ತಿಗೆ, ಬೆನ್ನಿನ ಮೇಲೆ ಕೆಂಪು ಗುಳ್ಳೆ. ಶಾಂತಕ್ಕ ನೋಡಿದವರೇ ಶಾಲೆಯ ಗುಡ್ಡಕ್ಕೆ ಓಡಿ ಫೋನ್ ಮಾಡಿದರು. ಒಂದೂವರೆ ಗಂಟೆಯಲ್ಲಿ ಹೊಸನಗರದಿಂದ ಆಂಬ್ಯುಲೆನ್ಸ್ ಬಂತು. ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್, ಅವರ ಹಿಂದೆಯೇ ವಾಗ್ದೇವಿ ಮೇಡಂ. ಹತ್ತಿಕಡ್ಡಿಯಲ್ಲಿ ಗುಳ್ಳೆಯ ನೀರು ತೆಗೆದರು, ಅದನ್ನು ಒಯ್ಯಲು ಬೇರೆಯೇ ಗಾಡಿ. ಮಗು ಹೆದರಿ ಅತ್ತಿತು. ಸ್ವಪ್ನಕ್ಕ ಅವಳನ್ನು ಎತ್ತಿಕೊಳ್ಳದೆ ಕೈ ಕಟ್ಟಿ ನಿಂತಿದ್ದರು, ಮುಟ್ಟಬೇಡಿ ಅಂದಿದ್ದರಲ್ಲ.

ಎಲ್ಲರೂ ಹೋದ ಮೇಲೆ ನನಗೆ ಅಂದರು, "ನಿನ್ ಗಂಡ ದುಬೈಯಿಂದ ಬಾದಾಮಿ ತಂದ, ಸೆಂಟು ತಂದ, ಕಂಬಳಿ ತಂದ. ಸಾಕಾಗ್ಲಿಲ್ಲ ಅಂತ ನನ್ ಮಗಳಿಗೆ ಇದನ್ನೂ ತಂದ." ಆಮೇಲೆ ಅಲ್ಲೇ ಕುಸಿದು ಕೂತು ಅತ್ತರು. ನಾನು ಏಳು ಅಡಿ ದೂರದಲ್ಲಿ ನಿಂತು ಅತ್ತೆ. ಹತ್ತಿರ ಹೋಗುವಂತಿರಲಿಲ್ಲ.

ರಿಸಲ್ಟ್ ನಾಳೆ.

ದೀಪಾ


ನಿಟ್ಟೂರು
6 ಮಾರ್ಚ್

ಪ್ರೀತಿಯ ನಿಮಗೆ,

ಮೇಧಾಳಿಗೆ ಏನೂ ಇಲ್ಲ. ನಿನ್ನೆ ಮಧ್ಯಾಹ್ನ ರಿಸಲ್ಟ್ ಬಂತು. ಬರೀ ಜ್ವರ, ಮೇಲಿಂದ ಬೆವರುಸಾಲೆ. ಶಾಂತಕ್ಕ ಗುಡ್ಡದಿಂದ ಸೆರಗು ಬೀಸುತ್ತಾ ಓಡಿ ಬಂದರು, ಚಪ್ಪಲಿ ಒಂದು ಎಲ್ಲೋ ಬಿದ್ದುಹೋಗಿತ್ತು. ಸ್ವಪ್ನಕ್ಕ ಮಗಳನ್ನು ಬಾಚಿ ಎತ್ತಿಕೊಂಡರು. ಬಾವ ಜೀಪಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತರು.

ಶಾಂತಕ್ಕ ಹೊರಡುವಾಗ ನಾನು ಬೇಲಿಯ ತನಕ ಹೋಗಿ ಹೇಳಿಬಿಟ್ಟೆ.

ನೀವು ಬೇಡ ಅಂದಿದ್ದಿರಿ. ಆದರೂ ಹೇಳಿದೆ. ಮೇಧಾಳ ಬೆನ್ನಿನ ಗುಳ್ಳೆಗೆ ಎರಡು ಗಾಡಿ, ಅಷ್ಟು ಜನ ಬಂದರು. ಅದನ್ನು ನೋಡಿದ ಮೇಲೆ ನನ್ನಿಂದ ಸುಮ್ಮನಿರಲಾಗಲಿಲ್ಲ. ಹೆಸರು, ಊರು, ವಿಮಾನ ಹತ್ತಿದ ದಿನ, ನನಗೆ ಗೊತ್ತಿದ್ದಷ್ಟೂ ಹೇಳಿದೆ. ಶಾಂತಕ್ಕ ಬರೆದುಕೊಂಡರು. "ಮನೇಲಿ ಮಕ್ಕಳಿದಾವಾ?" ಅಂತ ಕೇಳಿದರು. ಹೂಂ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಗುಡ್ಡ ಹತ್ತಿದರು, ಒಂದೇ ಚಪ್ಪಲಿಯಲ್ಲಿ.

ಸಿಟ್ಟು ಮಾಡಿ, ಆದರೆ ಬರೆದು ಸಿಟ್ಟು ಮಾಡಿ.

ದೀಪಾ


ನಿಟ್ಟೂರು
11 ಮಾರ್ಚ್

ನಿಮಗೆ,

ಐದು ದಿನವಾಯಿತು. ದಿನಾ ಶಾಂತಕ್ಕನನ್ನು ಕೇಳುತ್ತೇನೆ. ಅವರು ಮೊಬೈಲನ್ನೇ ನನ್ನ ಕೈಗೆ ಕೊಟ್ಟು, "ನೀನೇ ನೋಡು" ಅನ್ನುತ್ತಾರೆ. ನನ್ನ ಇಪ್ಪತ್ತೊಂದು ದಿನವೂ ಮುಗಿದು ಹೋಯಿತು. ಜ್ವರವಿಲ್ಲ, ಗುಳ್ಳೆಯಿಲ್ಲ. ನನ್ನ ಅಮ್ಮ ಬಂದು, ಈಗ ತಾವಿರುವ ಸಾಗರಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದರು. ನಿಮ್ಮ ಪತ್ರ ಬರದೆ ಹೋಗುವುದಿಲ್ಲ ಅಂದೆ.

ದೀಪಾ


ಶಿವಮೊಗ್ಗ
13 ಮಾರ್ಚ್

ದೀಪಶ್ರೀ,

ಹುಣ್ಣು ಒಣಗಿವೆ. ಇನ್ನೊಂದು ವಾರದಲ್ಲಿ ಬಿಡಬಹುದು.

ಅವನನ್ನು ಇನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಜ್ವರದಲ್ಲಿ ನನ್ನ ಕೈ ಹಿಡಿದು ನಂಬಿದವನು ಅವನು. ಲಾಂಚಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ತಪ್ಪು ನನ್ನದು.

ನೀನು ಸಾಗರಕ್ಕೆ ಹೋಗಿ ಬಾ.

ಉಮೇಶ್


ನಿಟ್ಟೂರು
16 ಮಾರ್ಚ್

ನಿಮಗೆ,

ಇದನ್ನು ಕೂತು ಓದಿ. ಸಿಸ್ಟರ್ ಹತ್ತಿರ ಇರುವಾಗ ಓದಿ.

ಇವತ್ತು ವಾಗ್ದೇವಿ ಮೇಡಂ ಬಂದಿದ್ದರು. ಈ ಸಲ ಒಳಗೆ ಬಂದು ಚಾಪೆಯ ಮೇಲೆ ಕೂತರು. ನಾವು ಕೊಟ್ಟ ಹೆಸರು ಅಲ್ಲಿಗೆ ಮುಟ್ಟಿತು. ಮಾರ್ಚ್ ಏಳನೇ ತಾರೀಖು ಅಲ್ಲಿಯವರು ಎರಿಕ್‌ನ ಮನೆಗೆ ಹೋದರು. ಅವನು ಗುಣವಾಗಿದ್ದಾನೆ. ಹೆಂಡತಿ ಜೋವಿಯಾಗೆ ಮೈ ತುಂಬ ಆಗಿತ್ತು, ಆಸ್ಪತ್ರೆಗೆ ಒಯ್ದರು, ಈಗ ಎದ್ದು ಕೂರುತ್ತಾಳೆ. ಏಳು ವರ್ಷದ ಮಗ ಇದ್ದಾನಂತೆ, ಅವನಿಗೆ ಬರಲಿಲ್ಲ. ಅಕ್ಕಪಕ್ಕದ ಮನೆಗಳವರಿಗೆಲ್ಲ ಲಸಿಕೆ ಹಾಕಿದರು. ಅವರು ಹೋಗುವ ಹೊತ್ತಿಗೆ ಆ ಕೇರಿಯಲ್ಲಿ ಇನ್ನೂ ಮೂರು ಮನೆಯಲ್ಲಿ ಶುರುವಾಗಿತ್ತಂತೆ. ಅಲ್ಲಿಗೇ ನಿಂತಿತು.

ಗ್ರೇಸ್ ಮಾರ್ಚ್ ಎರಡನೇ ತಾರೀಖು ತೀರಿಕೊಂಡಳು.

ಫೆಬ್ರವರಿ ಕೊನೆಯ ವಾರದವರೆಗೂ ಹಾಲು ಕುಡಿಯುತ್ತಿದ್ದಳಂತೆ. ಆಮೇಲೆ ಬಾಯಲ್ಲಿ ಹುಣ್ಣಾಗಿ ಕುಡಿಯುವುದನ್ನು ಬಿಟ್ಟಳು. ಆಸ್ಪತ್ರೆಗೆ ಒಯ್ದರೆ ತಾನು ಕಾಯಿಲೆ ಮುಚ್ಚಿಟ್ಟು ಬಂದದ್ದು ಗೊತ್ತಾಗುತ್ತದೆ ಅಂತ ಎರಿಕ್ ಮನೆಯಲ್ಲೇ ಇಟ್ಟುಕೊಂಡಿದ್ದ.

ನಾನು ಮೇಡಂ ಹತ್ತಿರ ಒಂದೇ ಮಾತು ಕೇಳಿದೆ. "ನೀವು ಮೊದಲನೇ ಸಲ ಬಂದ ದಿನವೇ ಹೇಳಿದ್ದರೆ?"

ಅವರು, "ಅದನ್ನು ನಾನು ಹೇಳೋದಿಲ್ಲ ದೀಪಶ್ರೀ" ಅಂದರು.

ಇನ್ನೊಂದು ವಿಷಯ. ಹೆಸರು ಕೊಟ್ಟವರು ಯಾರು ಅಂತ ಅಲ್ಲಿ ಯಾರೂ ಹೇಳಿಲ್ಲ. ಆದರೆ ಎರಿಕ್ ತಾನೇ ಊಹಿಸಿದ್ದಾನೆ. ಅಲ್ಲಿಯ ನರ್ಸ್ ಹತ್ತಿರ ಹೇಳಿ ಕಳಿಸಿದ್ದಾನೆ. ಉಮೇಶ್ ನನ್ನನ್ನು ಮರೆಯಲಿಲ್ಲ, ಅವನು ಜನ ಕಳಿಸಿದ್ದರಿಂದ ನನ್ನ ಹೆಂಡತಿ ಉಳಿದಳು, ಅವನಿಗೆ ನನ್ನ ಕೃತಜ್ಞತೆ ತಿಳಿಸಿ ಅಂತ. ಸಿಟ್ಟಿನ ಮಾತು ಒಂದೂ ಇಲ್ಲ. ಮಗಳ ಬಗ್ಗೆಯೂ ಇಲ್ಲ.

ನಾನು ಸಾಗರಕ್ಕೆ ಹೋಗುವುದಿಲ್ಲ. ಇಲ್ಲೇ ಇರುತ್ತೇನೆ.

ದೀಪಾ


ಶಿವಮೊಗ್ಗ
18 ಮಾರ್ಚ್

ದೀಪಾ,

ನಿನ್ನೆ ಬರೆಯಲಾಗಲಿಲ್ಲ. ಸಿಸ್ಟರ್ ಏನಾಯಿತು ಅಂತ ಕೇಳಿದರು. ಮಗು ಅಂತ ಮಾತ್ರ ಹೇಳಿದೆ. ಅವರು ನಮ್ಮ ಮಗು ಅಂದುಕೊಂಡರೋ ಏನೋ, ಗಾಜಿನಾಚೆ ನಿಂತು ಕಣ್ಣು ಒರೆಸಿಕೊಂಡರು.

ಹದಿಮೂರನೇ ತಾರೀಖು ನಿನಗೆ ಬರೆದದ್ದನ್ನು ಶಾಂತಕ್ಕನ ಮೊಬೈಲಿನಿಂದ ಅಳಿಸಿಬಿಡು. ನಾನು ಅವನ ಕೆಲಸ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ನೀನು ಇಪ್ಪತ್ತೇಳಕ್ಕೆ ಕೇಳಿದೆ, ಹೇಳಿಬಿಡೋಣವೇ ಅಂತ. ಬೇಡ ಅಂದವನು ನಾನು.

ಅವನು ನನಗೆ ಥ್ಯಾಂಕ್ಸ್ ಹೇಳಿದ್ದನ್ನು ಇಟ್ಟುಕೊಳ್ಳಲಾಗುವುದಿಲ್ಲ ದೀಪಾ. ಅದನ್ನು ಇಟ್ಟುಕೊಂಡು ಬದುಕಿದರೆ ಇನ್ನೊಂದು ಸಲ ಮುಚ್ಚಿಟ್ಟ ಹಾಗೆ. ನಾಡಿದ್ದು ಮನೆಗೆ ಬರುತ್ತೇನೆ. ಅವನಿಗೆ ಬರೆಯೋಣ. ನನ್ನ ಇಂಗ್ಲಿಷ್ ಸಾಲದು, ನೀನು ಬರಿ. ಮೊದಲು ಕನ್ನಡದಲ್ಲಿ ಬರೆದು ನನಗೆ ಓದಿ ಹೇಳು. ಒಂದು ಅಕ್ಷರವೂ ನಮ್ಮ ಪರವಾಗಿ ಇರಬಾರದು.

ಉಮೇಶ್


ನಿಟ್ಟೂರು
23 ಮಾರ್ಚ್ 2025

ಎರಿಕ್ ಮತ್ತು ಜೋವಿಯಾ ಅವರಿಗೆ,

ನಾನು ದೀಪಶ್ರೀ, ಉಮೇಶ್ ಅವರ ಹೆಂಡತಿ. ಉಮೇಶ್ ಗುಣವಾಗಿ ಮನೆಗೆ ಬಂದಿದ್ದಾರೆ, ನನ್ನ ಪಕ್ಕದಲ್ಲಿ ಕೂತಿದ್ದಾರೆ. ಈ ಪತ್ರವನ್ನು ಇಲ್ಲಿಯ ಡಾಕ್ಟರ್ ನಿಮ್ಮ ಊರಿನ ನರ್ಸ್‌ಗೆ ಕಳಿಸುತ್ತಾರೆ. ಅವರು ನಿಮ್ಮ ಭಾಷೆಯಲ್ಲಿ ಓದಿ ಹೇಳುತ್ತಾರೆ.

ಉಮೇಶ್ ನಿಮಗಾಗಿ ಜನರನ್ನು ಕಳಿಸಿದರು ಎಂದು ನೀವು ತಿಳಿದಿದ್ದೀರಿ. ನಡೆದದ್ದು ಹಾಗಲ್ಲ. ನಡೆದದ್ದು ಹೀಗೆ.

ಫೆಬ್ರವರಿ 21ರಂದು ಡಾಕ್ಟರ್ ನನ್ನನ್ನು ಮೊದಲ ಸಲ ಕೇಳಿದರು. ನಿಮ್ಮ ಹೆಸರು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ಅದೇ ಸಮಯಕ್ಕೆ ಉಮೇಶ್ ಅವರನ್ನೂ ಕೇಳಿದರು. ಅವರೂ ಯಾರೂ ಇಲ್ಲ ಎಂದು ಬರೆದುಕೊಟ್ಟರು. ಫೆಬ್ರವರಿ 27ರಂದು ಮತ್ತೆ ಕೇಳಿದರು. ಎಳೆ ಮಕ್ಕಳಿಗೆ ಅಪಾಯ ಎಂದೂ ಹೇಳಿದರು. ಆಗಲೂ ಗೊತ್ತಿಲ್ಲ ಎಂದೆ. ಗ್ರೇಸ್ ತೀರಿಕೊಂಡದ್ದು ಮಾರ್ಚ್ 2. ನಾನು ನಿಮ್ಮ ಹೆಸರು ಹೇಳಿದ್ದು ಮಾರ್ಚ್ 5, ನಮ್ಮ ಮನೆಯ ಮಗುವಿಗೆ ಏನೂ ಆಗಿಲ್ಲ ಎಂದು ತಿಳಿದ ಮೇಲೆ. ಅದಾಗಿ ಎರಡೇ ದಿನಕ್ಕೆ ನಿಮ್ಮ ಬಾಗಿಲಿಗೆ ಜನ ಬಂದರು.

ನಿಮ್ಮ ಕೆಲಸ ಹೋಗುತ್ತದೆಂದು ಉಮೇಶ್ ಹೆದರಿದ್ದರು, ನಿಮಗೆ ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದರು. ನನಗೆ ಅಂಥ ಕಾರಣವೂ ಇರಲಿಲ್ಲ. ಹೊಸದಾಗಿ ಮದುವೆಯಾಗಿತ್ತು, ಗಂಡ ನನಗೊಬ್ಬಳಿಗೇ ಹೇಳಿದ ಗುಟ್ಟನ್ನು ಇಟ್ಟುಕೊಳ್ಳುವುದು ಖುಷಿಯಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಕ್ಷಮಿಸಿ ಎಂದು ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳಿದರೆ ನೀವು ಉತ್ತರ ಕೊಡಬೇಕಾಗುತ್ತದೆ. ನೀವು ಉತ್ತರ ಕೊಡಬೇಕಾಗಿಲ್ಲ. ಜೋವಿಯಾ, ನೀವು ಯಾರನ್ನು ದೂರಬೇಕೆಂದು ಹುಡುಕುತ್ತಿದ್ದರೆ, ಮಗಳನ್ನು ಮನೆಯಲ್ಲಿಟ್ಟುಕೊಂಡ ನಿಮ್ಮ ಗಂಡನೊಬ್ಬನನ್ನೇ ದೂರಬೇಡಿ. ಇಲ್ಲಿ ಇನ್ನಿಬ್ಬರು ಇದ್ದೇವೆ. ಅದು ನಿಮಗೆ ತಿಳಿದಿರಲಿ ಎಂದು ಬರೆದೆವು.

ದೀಪಶ್ರೀ
ಉಮೇಶ್